ಕಿರ್ಲೋಸ್ಕರ ಉದ್ಯಮದ ಮೊದಲ ಪರಿವಾರ: ಬೆಳಗಾವಿಯಿಂದ ಪುಣೆಯವರೆಗೆ

1

ಪುಣೆಯ ಉತ್ತರದ ಅಂಚಿಗಿರುವ ಖಡಕಿ, ಪೂರ್ವದ ಹಡಪಸರ, ಪಶ್ಚಿಮದ ಕೋಥರೂಡ ಈ ಮೂರು ಉಪನಗರಗಳ ಔದ್ಯೋಗಿಕ ಇತಿಹಾಸವನ್ನು ಬರೆಯಹೊರಟವನು ಕಿರ್ಲೋಸ್ಕರ ಎಂಬ ಹೆಸರನ್ನು ಬಿಟ್ಟು ಮುಂದೆ ಸಾಗಲಾರನು. 1946ರಲ್ಲಿ ಖಡಕಿಯ ಎಣ್ಣೆ ಎಂಜಿನುಗಳ ಕಾರಖಾನೆ, 1958ರಲ್ಲಿ ಸ್ಥಾಪಿತವಾದ ಕಿರ್ಲೋಸ್ಕರ ನ್ಯುಮ್ಯಾಟಿಕ್, 1962ರ ಕಿರ್ಲೋಸ್ಕರ ಕಮಿನ್ಸ್ ಹೀಗೆ ಒಂದರ ಬೆನ್ನಿಗೆ ಒಂದರಂತೆ ಹುಟ್ಟಿದ ಸಂಸ್ಥೆಗಳು ಪೇಶವೆಯರ ರಾಜಧಾನಿಯನ್ನು, ಪೆನ್ಶನುದಾರರ ಊರೆಂದು ಹೆಸರಾಗಿದ್ದ ನಗರವನ್ನು, ಯಂತ್ರೋದ್ಯಮದ ನಗರವನ್ನಾಗಿ ಮಾರ್ಪಡಿಸುವುದರಲ್ಲಿ ಮೊದಲ ಸಾಲಿನ ಪಾಲನ್ನು ಪಡೆದಿವೆ. ಆದರೆ ಈ ಹೆಸರಿನ ಬೇರು ಪುಣೆಯಲ್ಲಿಲ್ಲ; ಅದು ಬೆಳಗಾವಿ ಜಿಲ್ಲೆಯ ಸವದತ್ತಿ ತಾಲೂಕಿನ ಗುರ್ಲಹೊಸೂರಿನಲ್ಲಿದೆ. ಅದರ ಮೊದಲ ಚಿಗುರು ಒಡೆದದ್ದು ಬೆಳಗಾವಿಯ ಒಂದು ಸಣ್ಣ ಸೈಕಲ್ಲಿನ ಅಂಗಡಿಯಲ್ಲಿ.

ಈ ಉದ್ಯಮದ ಕಥೆಯನ್ನು ಲಕ್ಷ್ಮಣರಾವ ಕಾಶೀನಾಥ ಕಿರ್ಲೋಸ್ಕರ (1869–1956) ಎಂಬ ಒಬ್ಬ ಪುರುಷನ ಸಾಹಸಗಾಥೆಯಾಗಿ ಹೇಳುವುದೇ ರೂಢಿಯಾಗಿದೆ. ಆ ಸಾಹಸದ ಹಿರಿಮೆಯನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೂ ಹಾಗೆ ಹೇಳುವಾಗ ಒಂದು ಮುಖ್ಯ ಪ್ರಶ್ನೆ ಹಿಂದೆ ಸರಿಯುತ್ತದೆ. ಬೆರಳೆಣಿಕೆಯ ಜನರ ಸಣ್ಣ ಕಾರಖಾನೆಯೊಂದು ಬೆಳೆಯಬೇಕಾದರೆ ಅದಕ್ಕೆ ಮೊದಲು ಕೂಡಿಬರಬೇಕಾದದ್ದು ಹಣವೋ, ಯಂತ್ರವೋ, ಇಲ್ಲವೆ ಜನರೋ? ಕಿರ್ಲೋಸ್ಕರರ ಮೊದಲ ಇಪ್ಪತ್ತೈದು ವರ್ಷಗಳ ಚರಿತ್ರೆಯನ್ನು ಈ ದೃಷ್ಟಿಯಿಂದ ಪರಿಶೀಲಿಸಿದರೆ, ಅಲ್ಲಿ ಹಣ ಬಂದದ್ದು ಕೊನೆಗೆ, ಯಂತ್ರ ಬಂದದ್ದು ನಡುವೆ, ಜನ ಕೂಡಿದ್ದು ಎಲ್ಲಕ್ಕಿಂತ ಮೊದಲು ಎಂಬುದು ಕಂಡುಬರುತ್ತದೆ. ಆ ಜನರಾರು, ಅವರು ಹೇಗೆ ಕೂಡಿದರು, ಉದ್ಯಮವು ಪುಣೆಗೆ ಬಂದಾಗ ಆ ಕೂಟದ ಗತಿಯೇನಾಯಿತು ಎಂಬುದೇ ಈ ಲೇಖನದ ವಿಷಯ.

2

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ದೇಶೀಯ ಉದ್ಯಮದ ಚಿಂತನೆ ಎಲ್ಲಿಯಾದರೂ ಬಲವಾಗಿ ನಡೆದಿದ್ದರೆ ಅದು ಪುಣೆಯಲ್ಲಿಯೇ. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರ ಪ್ರೇರಣೆಯಿಂದ 1890ರಲ್ಲಿ ಇಲ್ಲಿ ಔದ್ಯೋಗಿಕ ಪರಿಷತ್ತು ಕೂಡಿತು. 1892ರಲ್ಲಿ ಅವರು ಡೆಕ್ಕನ್ ಕಾಲೇಜಿನಲ್ಲಿ ಭಾರತೀಯ ಅರ್ಥಶಾಸ್ತ್ರದ ಮೇಲೆ ಕೊಟ್ಟ ಉಪನ್ಯಾಸವು ಹೆಸರಾಂತದ್ದು. ಇಂಗ್ಲೆಂಡಿನ ಅರ್ಥಶಾಸ್ತ್ರದ ಸೂತ್ರಗಳು ಈ ದೇಶದ ಸ್ಥಿತಿಗೆ ಹಾಗೆಯೇ ಹೊಂದಲಾರವು, ಬರಿಯ ಒಕ್ಕಲುತನವನ್ನೇ ನಂಬಿದ ದೇಶ ಬಡತನದಿಂದ ಪಾರಾಗಲಾರದು ಎಂಬುದು ಅವರ ವಾದದ ತಿರುಳು. ಈ ವಿಚಾರಗಳು ಗ್ರಂಥಗಳಲ್ಲಿಯೂ ಸಭೆಗಳಲ್ಲಿಯೂ ಬೆಳೆಯುತ್ತಿದ್ದಾಗ, ಅವುಗಳನ್ನು ಕೈಯಾರೆ ಮಾಡಿ ತೋರಿಸಬೇಕಾಗಿದ್ದ ತರುಣನು ಮುಂಬಯಿಯಲ್ಲಿ ಯಂತ್ರಗಳ ನಕ್ಷೆ ತೆಗೆಯುವುದನ್ನು ಕಲಿಸುತ್ತ ಕಾಲ ಕಳೆಯುತ್ತಿದ್ದನು.

ಲಕ್ಷ್ಮಣರಾಯರು ಹುಟ್ಟಿದ್ದು 1869ರ ಜೂನ್ 20ರಂದು. ಮನೆತನದ ಮಾತು ಮರಾಠಿ. ಸುತ್ತಲಿನ ನೆಲ, ಹೊಲ, ಸಂತೆಗಳ ಮಾತು ಕನ್ನಡ. ಮರಾಠಿ ಸಂಗೀತ ನಾಟಕದ ಆದ್ಯ ಪ್ರವರ್ತಕರಾದ ಅಣ್ಣಾಸಾಹೇಬ ಕಿರ್ಲೋಸ್ಕರರು (1843–1885) ಹುಟ್ಟಿದ್ದೂ ಇದೇ ಗುರ್ಲಹೊಸೂರಿನಲ್ಲಿಯೇ. ಅವರ ‘ಶಾಕುಂತಲ’ವು ರಂಗವೇರಿದ್ದು 1880ರಲ್ಲಿ ಪುಣೆಯಲ್ಲಿ. ಒಂದೇ ಹಳ್ಳಿಯಿಂದ ಹೊರಟ ಎರಡು ಪ್ರತಿಭೆಗಳು, ಒಂದು ನಾಟ್ಯದಲ್ಲಿ, ಮತ್ತೊಂದು ಲೋಹದಲ್ಲಿ, ಪುಣೆಯ ಮುಖವನ್ನು ಬದಲಿಸಿದ್ದು ಗಮನಿಸತಕ್ಕ ಸಂಗತಿ. ಇವರನ್ನು ಕನ್ನಡಿಗರೆನ್ನಬೇಕೋ ಮರಾಠಿಗರೆನ್ನಬೇಕೋ ಎಂಬ ವಾದದಿಂದ ಇತಿಹಾಸಕ್ಕೆ ಲಾಭವಿಲ್ಲ. ಎರಡು ಭಾಷೆಗಳು ಕೂಡುವ ನೆಲದಲ್ಲಿ ಬೆಳೆದವರಿಗೆ ಬೇರೆ ಬೇರೆ ಬಗೆಯ ಜನರೊಡನೆ ಹೊಂದಿ ನಡೆಯುವ ಅಭ್ಯಾಸ ಎಳವೆಯಲ್ಲಿಯೇ ಆಗುತ್ತದೆ ಎಂಬಷ್ಟನ್ನು ಮಾತ್ರ ಇಲ್ಲಿ ಹೇಳಬಹುದು.

ಚಿತ್ರಕಲೆಯ ಹುಚ್ಚಿನಿಂದ 1885ರಲ್ಲಿ ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದ ಲಕ್ಷ್ಮಣರಾಯರಿಗೆ ಬಣ್ಣಗಳ ಭೇದವನ್ನು ಪೂರ್ತಿಯಾಗಿ ಗುರುತಿಸುವ ಶಕ್ತಿ ಕಣ್ಣಿಗಿಲ್ಲವೆಂದು ತಿಳಿದುಬಂದಿತು. ಕುಂಚವನ್ನು ಬಿಟ್ಟು ಯಂತ್ರದ ನಕ್ಷೆಯ ಕಡೆಗೆ ತಿರುಗಿದರು. ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಶಿಕ್ಷಕರಾದರು. ಅಲ್ಲಿ ತಮಗೆ ಸಲ್ಲಬೇಕಾಗಿದ್ದ ಬಡತಿಯು ಒಬ್ಬ ಆಂಗ್ಲೋ-ಇಂಡಿಯನ್ನನಿಗೆ ಹೋದುದನ್ನು ಕಂಡು ಕೆಲಸಕ್ಕೆ ರಾಜೀನಾಮೆಯಿತ್ತು ಬೆಳಗಾವಿಯ ದಾರಿ ಹಿಡಿದರು.

3

ಬೆಳಗಾವಿಯಲ್ಲಿ ಅವರಿಗಾಗಿ ಆಗಲೇ ಒಂದು ನೆಲೆ ಸಿದ್ಧವಾಗಿತ್ತು. ಮನೆತನವು ತನ್ನ ಉದ್ಯಮದ ಆರಂಭವರ್ಷವೆಂದು ಎಣಿಸುವುದು 1888ನ್ನು. ಲಕ್ಷ್ಮಣರಾಯರು ಮುಂಬಯಿಯಲ್ಲಿ ಸೈಕಲ್ಲುಗಳನ್ನು ಕೊಂಡು ಬೆಳಗಾವಿಗೆ ಕಳಿಸುವುದು, ಅಣ್ಣ ರಾಮಚಂದ್ರರಾಯರು, ಅಂದರೆ ಎಲ್ಲರ ಬಾಯಲ್ಲಿ ‘ರಾಮುಅಣ್ಣಾ’, ಅವುಗಳನ್ನು ಮಾರುವುದು, ಇದೇ ಮೊದಲ ವ್ಯಾಪಾರದ ಸ್ವರೂಪ. ಒಂದು ಸೈಕಲ್ಲಿನ ಬೆಲೆ 700ರಿಂದ 1000 ರೂಪಾಯಿಗಳವರೆಗೆ ಇತ್ತೆಂದೂ, ಏರಿ ನಡೆಸುವುದನ್ನು ಕಲಿಸಿಕೊಡಲು 15 ರೂಪಾಯಿಗಳ ಫೀ ಪಡೆಯುತ್ತಿದ್ದರೆಂದೂ ಹೇಳಲಾಗಿದೆ.

ಈ ಸಣ್ಣ ವಿವರದಲ್ಲಿ ಮುಂದಿನ ಉದ್ಯಮದ ಬೀಜವೇ ಅಡಗಿದೆ. ಕೊಂಡವನಿಗೆ ವಸ್ತುವನ್ನು ಒಪ್ಪಿಸಿ ಹಣವನ್ನೆಣಿಸಿಕೊಂಡರೆ ವ್ಯಾಪಾರ ಮುಗಿಯಿತೆಂದು ಈ ಅಣ್ಣತಮ್ಮಂದಿರು ತಿಳಿಯಲಿಲ್ಲ. ಹೊಸ ವಸ್ತುವನ್ನು ಬಳಸುವ ವಿದ್ಯೆ ಕೊಂಡವನಿಗೆ ಬಾರದಿದ್ದರೆ ಆ ವಸ್ತು ಮೂಲೆಗೆ ಬೀಳುತ್ತದೆ. ಮೂಲೆಗೆ ಬಿದ್ದ ವಸ್ತುವು ಮುಂದಿನ ಗಿರಾಕಿಯನ್ನು ಓಡಿಸುತ್ತದೆ. ಆದುದರಿಂದ ಮಾರುವವನ ಬೆನ್ನಿಗೆ ಕಲಿಸುವವನೊಬ್ಬ, ಕೆಟ್ಟುದನ್ನು ಸರಿಪಡಿಸುವವನೊಬ್ಬ ಇರಬೇಕು. ಎರಡನೆಯದಾಗಿ, ಇಬ್ಬರಲ್ಲಿ ಒಬ್ಬರು ಸಂಬಳದ ಕೆಲಸದಲ್ಲಿದ್ದು ಮತ್ತೊಬ್ಬರು ಅಂಗಡಿಯನ್ನು ನೋಡಿಕೊಂಡ ಈ ಏರ್ಪಾಡು, ಸಣ್ಣ ಉದ್ಯಮವು ತನ್ನ ಎಳೆಯ ವರ್ಷಗಳನ್ನು ಸಾಲವಿಲ್ಲದೆ ಕಳೆಯುವ ಬಗೆಯನ್ನೂ ತೋರಿಸುತ್ತದೆ. ರಾಮುಅಣ್ಣಾ ಈ ಉದ್ಯಮದ ಮೊದಲ ಸಹಾಯಕ. ಅವರಿಲ್ಲದಿದ್ದರೆ ಕೆಲಸ ಬಿಟ್ಟುಬಂದ ಶಿಕ್ಷಕನಿಗೆ ಕಾಲೂರಲು ಸ್ಥಳವಿರುತ್ತಿರಲಿಲ್ಲ.

ಸೈಕಲ್ಲಿನಿಂದ ಮೇವು ಕತ್ತರಿಸುವ ಯಂತ್ರ, ಅದರಿಂದ ಕಬ್ಬಿಣದ ನೇಗಿಲು, ಹೀಗೆ ಉದ್ಯಮವು ಪೇಟೆಯಿಂದ ಹೊಲಕ್ಕೆ ಇಳಿಯಿತು. ಮೊದಲ ಕಬ್ಬಿಣದ ನೇಗಿಲು ಸಿದ್ಧವಾದದ್ದು 1903ರಲ್ಲಿ. ಎರೆಭೂಮಿಯ ಒಕ್ಕಲಿಗನಿಗೆ ಅದರ ಉಪಯೋಗ ಎಷ್ಟಿತ್ತೆಂಬುದನ್ನು ಇಂದು ವಿವರಿಸಬೇಕಾಗಿಲ್ಲ. ಮರದ ನೇಗಿಲು ನೆಲವನ್ನು ಗೀರುತ್ತದೆ. ಬಾಗಿದ ರೆಕ್ಕೆಯುಳ್ಳ ಕಬ್ಬಿಣದ ನೇಗಿಲು ಮಣ್ಣನ್ನು ಮಗುಚಿ ಹಾಕುತ್ತದೆ, ಆಳಕ್ಕಿಳಿದ ಕರಿಕೆಯ ಬೇರನ್ನು ಮೇಲಕ್ಕೆ ತಂದು ಬಿಸಿಲಿಗೊಡ್ಡುತ್ತದೆ. ಆದರೆ ಕಬ್ಬಿಣ ತಗಲಿದರೆ ಭೂಮಿತಾಯಿಗೆ ವಿಷವೇರುತ್ತದೆ, ಪೈರು ಬರುವುದಿಲ್ಲ ಎಂಬ ನಂಬಿಕೆ ರೈತರಲ್ಲಿ ಬಲವಾಗಿತ್ತು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷಗಳು ಹಿಡಿದವು.

ಈ ಎರಡು ವರ್ಷಗಳ ಅರ್ಥವನ್ನು ಲೆಕ್ಕದ ಪುಸ್ತಕದ ಭಾಷೆಯಲ್ಲಿ ನೋಡಬೇಕು. ಹಣವೆಲ್ಲ ಮಾರಾಟವಾಗದ ಸರಕಿನಲ್ಲಿ ಸಿಕ್ಕಿಕೊಂಡಿದೆ. ಎರಕದವನಿಗೆ, ಕಮ್ಮಾರನಿಗೆ, ಅಚ್ಚು ಮಾಡುವ ಬಡಿಗನಿಗೆ ಕೂಲಿ ಕೊಡಬೇಕಾಗಿದೆ. ಆದಾಯದ ಕಡೆಯ ಪುಟ ಬರಿದಾಗಿದೆ. ಇಂಥ ಸ್ಥಿತಿಯಲ್ಲಿ ಸಣ್ಣ ಕಾರಖಾನೆಯವನು ಮೊದಲು ಮಾಡುವ ಕೆಲಸವೆಂದರೆ ಕೆಲಸಗಾರರನ್ನು ಬಿಡಿಸುವುದು. ಹಾಗೆ ಬಿಡಿಸಿದವನು ಮುಂದೆ ಬೇಡಿಕೆ ಬಂದಾಗ ಕೈಪಳಗಿದ ಜನರಿಲ್ಲದೆ ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಬೆಳಗಾವಿಯ ಕಾರಖಾನೆಯು ಈ ಕಷ್ಟಕಾಲವನ್ನು ಜನರನ್ನು ಚದರಿಸದೆ ದಾಟಿತೆಂಬುದಕ್ಕೆ ಮುಂದಿನ ಘಟನೆಯೇ ಸಾಕ್ಷಿ.

4

ಬೆಳಗಾವಿಯ ಪುರಸಭೆಯ ನಿರ್ಬಂಧಗಳಿಂದಾಗಿ ಕಾರಖಾನೆಯು ತನ್ನ ಜಾಗವನ್ನು ಬಿಡಬೇಕಾಗಿ ಬಂದಿತು. ಊರು ಬೆಳೆಯುವಾಗ ಪುರಸಭೆಗೆ ಮನೆಗಳ ಸಾಲು ಕಾಣುತ್ತದೆ, ರಸ್ತೆ ಕಾಣುತ್ತದೆ; ಹೊಗೆಯ ಗೂಡುಳ್ಳ ಸಣ್ಣ ಎರಕದ ಮನೆ ಕಾಣುವುದು ತೊಡಕಾಗಿಯೇ. ಇಂದು ಬೆಳಗಾವಿಯಲ್ಲಿ ಕಿರ್ಲೋಸ್ಕರ ರಸ್ತೆಯೆಂಬುದೊಂದು ಇದೆ. ಕಿರ್ಲೋಸ್ಕರರ ಆ ಕಾರಖಾನೆ ಮಾತ್ರ ಊರಿಗೆ ದಕ್ಕಲಿಲ್ಲ. ಉದ್ಯಮಿಯ ಹೆಸರನ್ನು ಉಳಿಸಿಕೊಂಡು ಉದ್ಯಮವನ್ನು ಕಳೆದುಕೊಂಡ ಈ ಪ್ರಸಂಗವು ಕರ್ನಾಟಕದ ಆರ್ಥಿಕ ಇತಿಹಾಸದಲ್ಲಿ ನೆನಪಿಡತಕ್ಕದ್ದು.

ಆ ಹೊತ್ತಿಗೆ ಆಶ್ರಯ ದೊರೆತದ್ದು ಔಂಧ ಸಂಸ್ಥಾನದಲ್ಲಿ. 1909ರಲ್ಲಿ ಪಟ್ಟಕ್ಕೆ ಬಂದ ಭವಾನರಾವ ಶ್ರೀನಿವಾಸರಾವ ಪಂತ ಪ್ರತಿನಿಧಿ, ಜನರ ಬಾಯಲ್ಲಿ ‘ಬಾಳಾಸಾಹೇಬ’, ಸ್ವತಃ ಚಿತ್ರಕಾರರು, ಸೂರ್ಯನಮಸ್ಕಾರದ ಪ್ರಚಾರಕರು, ಹೊಸತನ್ನು ಒಪ್ಪುವ ಮನಸ್ಸಿನವರು. ಅವರು ಕುಂಡಲ ರೋಡ್ ರೇಲ್ವೆ ಸ್ಟೇಶನ್ನಿನ ಹತ್ತಿರ 32 ಎಕರೆ ಬಂಜರು ಭೂಮಿಯನ್ನೂ 10,000 ರೂಪಾಯಿಗಳ ಸಾಲವನ್ನೂ ಒದಗಿಸಿದರು. ಪಾಪಾಸುಕಳ್ಳಿ ದಟ್ಟವಾಗಿ ಬೆಳೆದ, ಹಾವುಗಳು ಓಡಾಡುವ ನೆಲ ಅದು. ಆದರೆ ಸ್ಟೇಶನ್ನು ಪುಣೆ-ಮೀರಜ ಮಾರ್ಗದ ಮೇಲಿತ್ತು; ಒಂದು ಕಡೆಯಿಂದ ಕಬ್ಬಿಣ ಮತ್ತು ಕಲ್ಲಿದ್ದಲು ಬರಲು, ಇನ್ನೊಂದು ಕಡೆಗೆ ನೇಗಿಲು ಹೋಗಲು ಅಷ್ಟು ಸಾಕಾಗಿತ್ತು. 1910ರ ಮಾರ್ಚ್ 10ರಂದು ಅಲ್ಲಿ ಕಿರ್ಲೋಸ್ಕರವಾಡಿಯ ಆರಂಭವಾಯಿತು. ಮುಂದೆ ಸ್ಟೇಶನ್ನಿಗೂ ಅದೇ ಹೆಸರು ಬಂದಿತು.

ಹತ್ತು ಸಾವಿರ ರೂಪಾಯಿಗಳ ಈ ಸಾಲವನ್ನು ಲೇವಾದೇವಿಯ ರೂಢಿಯ ನಿಯಮಗಳಿಂದ ಅಳೆದು ನೋಡುವುದು ಉಚಿತ. ಸಾಲಗಾರನಿಗೆ ಸ್ವಂತದ ಕಾರಖಾನೆಯ ನೆಲವಿಲ್ಲ. ಇದ್ದ ಜಾಗವೂ ಕೈಬಿಟ್ಟಿದೆ. ಮಾಡುವ ಸರಕಿನ ಮೇಲೆ ಕೊಳ್ಳುವವರ ನಂಬಿಕೆ ಇನ್ನೂ ಪೂರ್ತಿಯಾಗಿ ಕುದುರಿಲ್ಲ. ಹೋಗಲಿರುವ ಸ್ಥಳದಲ್ಲಿ ನೀರಿಲ್ಲ, ಮನೆಯಿಲ್ಲ, ಪೇಟೆಯಿಲ್ಲ. ಯಾವ ಸಾಹುಕಾರನೂ ಇಂಥ ಅರ್ಜಿಗೆ ಬಾಗಿಲು ತೆರೆಯುತ್ತಿರಲಿಲ್ಲ. ಅಂದಿನ ಬ್ಯಾಂಕುಗಳು ಹತ್ತಿಯ ಅಂಡಿಗೆಗಳ ಮೇಲೆ, ಧಾನ್ಯದ ಮೇಲೆ, ಬೆಳ್ಳಿಬಂಗಾರದ ಮೇಲೆ ಹಣ ಕೊಡುತ್ತಿದ್ದವೇ ಹೊರತು ಮನುಷ್ಯನ ಕೌಶಲದ ಮೇಲೆ ಅಲ್ಲ. ಆದರೆ ಸಾಲಗಾರನ ಕಡೆ ಒಂದು ಆಸ್ತಿ ಇತ್ತು. ಆತನು ಹೊರಟರೆ ಅವನ ಹಿಂದೆ 25 ಜನ ಕೆಲಸಗಾರರು ಹೆಂಡಿರು ಮಕ್ಕಳೊಡನೆ ಹೊರಡಲು ಸಿದ್ಧರಾಗಿದ್ದರು. ಬೆಳಗಾವಿಯಂಥ ತಂಪು ಹವೆಯ ಊರನ್ನು, ನಂಟರಿಷ್ಟರನ್ನು, ಸಂತೆ ಶಾಲೆಗಳನ್ನು ಬಿಟ್ಟು ಕಳ್ಳಿಯ ಕಾಡಿಗೆ ಬರಲು ಒಪ್ಪುವ ಇಪ್ಪತ್ತೈದು ಕುಟುಂಬಗಳು ಯಾವ ಅಡಮಾನಕ್ಕಿಂತಲೂ ಗಟ್ಟಿಯಾದ ಭದ್ರತೆ. ಔಂಧದ ಅರಸರು ಈ ಲೆಕ್ಕವನ್ನು ಮಾಡಿದರೋ ಇಲ್ಲವೋ, ಇತಿಹಾಸವು ಆ ಲೆಕ್ಕವನ್ನು ಸರಿಯೆಂದು ತೋರಿಸಿಕೊಟ್ಟಿದೆ.

5

ಈ ಪರಿವಾರದ ರಚನೆಯನ್ನು ಈಗ ಸ್ವಲ್ಪ ವಿವರವಾಗಿ ನೋಡಬಹುದು. ಹೊಸ ವಸಾಹತಿನ ವ್ಯವಸ್ಥೆ, ಅಂದರೆ ಮನೆಗಳ ಹಂಚಿಕೆ, ನೀರು, ಸ್ವಚ್ಛತೆ, ದಿನಸಿ, ರಾಮುಅಣ್ಣಾ ಅವರ ಪಾಲಿಗೆ ಬಂದಿತು. ಲೆಕ್ಕಪತ್ರ ಮತ್ತು ಕಚೇರಿಯ ಹೊಣೆಯನ್ನು ಮಂಗೇಶರಾವ ರೇಗೆಯವರು ಹೊತ್ತರು. ಶಂಭುರಾವ ಜಾಂಭೇಕರರು ಕಾರಖಾನೆಯ ನೂರೆಂಟು ಕೈಗೆಲಸಗಳಿಗೆ ಹೆಗಲು ಕೊಟ್ಟರು. ಕೆ. ಕೆ. ಕುಲಕರ್ಣಿಯವರು ಹೊರಗಿನ ವ್ಯವಹಾರಗಳನ್ನು ನೋಡಿಕೊಂಡರು. ಶಾಲೆಯನ್ನು ಅರ್ಧಕ್ಕೆ ಬಿಟ್ಟ ಅನಂತರಾವ ಫಳಣೀಕರರು ಕಲ್ಪಕತೆಯುಳ್ಳ ಎಂಜಿನಿಯರರಾಗಿ ಬೆಳೆದರು.

ಇವರಲ್ಲಿ ಒಬ್ಬರೂ ತಾವು ವಹಿಸಿದ ಕೆಲಸಕ್ಕಾಗಿ ಮೊದಲೇ ಶಿಕ್ಷಣ ಪಡೆದು ಬಂದವರಲ್ಲವೆಂಬುದು ಗಮನಾರ್ಹ. ಎಂಜಿನಿಯರಿಂಗಿನ ಪದವೀಧರರನ್ನು ಕರೆಸಿ ಸಂಬಳ ಕೊಡುವ ಶಕ್ತಿ ಅಂದು ಈ ಉದ್ಯಮಕ್ಕಿರಲಿಲ್ಲ. ಕರೆದರೂ ಅವರು ಸರಕಾರಿ ನೌಕರಿಯನ್ನು ಬಿಟ್ಟು ಕುಂಡಲದ ಬಂಜರಿಗೆ ಬರುತ್ತಿರಲಿಲ್ಲ. ಆದುದರಿಂದ ಇದ್ದ ಜನರಲ್ಲಿ ಯಾರಿಗೆ ಯಾವ ಕೆಲಸದ ಒಲವಿದೆಯೆಂದು ಹುಡುಕಿ, ಅವರ ಕೈಗೆ ಆ ಕೆಲಸವನ್ನಿತ್ತು, ತಪ್ಪಿದರೆ ತಿದ್ದಿ, ಮತ್ತೆ ಒಪ್ಪಿಸುವುದೇ ಉಳಿದ ದಾರಿಯಾಗಿತ್ತು. ಲಕ್ಷ್ಮಣರಾಯರು ಮೂಲತಃ ಶಿಕ್ಷಕರು. ಮುಂಬಯಿಯಲ್ಲಿ ಬೋಧಿಸಿದ ಅನುಭವ ಅವರಿಗೆ ಇಲ್ಲಿ ಒದಗಿಬಂದಿತು. ಪರೀಕ್ಷೆಯಲ್ಲಿ ಪಾಸಾಗದವನು ಕೆಲಸದಲ್ಲಿ ಪಾಸಾಗಬಹುದೆಂಬುದನ್ನು ಕಂಡ ಶಿಕ್ಷಕರು ಹಲವರಿದ್ದಾರೆ. ಆ ಅರಿವಿನ ಮೇಲೆ ಒಂದು ಕಾರಖಾನೆಯನ್ನೇ ನಿಲ್ಲಿಸಿದವರು ವಿರಳ.

ಈ ನಂಬಿಕೆಯ ತುತ್ತತುದಿಯೆಂದರೆ ವಾಡಿಯ ಕಾವಲಿನ ಏರ್ಪಾಡು. ಹಿಂದೆ ದರೋಡೆಗಾರರೆಂದು ಹೆಸರಾಗಿದ್ದ ತುಕಾರಾಮ ರಾಮೋಶಿ ಮತ್ತು ಪಿರ್‍ಯಾ ಮಾಂಗ ಎಂಬವರನ್ನು ಲಕ್ಷ್ಮಣರಾಯರು ಕಾವಲುಗಾರರನ್ನಾಗಿ ನೇಮಿಸಿದರು. ಅವರು ವಿಶ್ವಾಸಕ್ಕೆ ಪಾತ್ರರಾಗಿ ನಡೆದರು. ಕೆಲವು ಕುಲಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಗಣಿಸುವ ಕಾಯಿದೆಯು 1871ರಿಂದ ಈ ದೇಶದಲ್ಲಿ ಜಾರಿಯಲ್ಲಿತ್ತು, ಅದು ರದ್ದಾದದ್ದು 1952ರಲ್ಲಿ ಎಂಬುದನ್ನು ನೆನೆದರೆ ಈ ನೇಮಕದ ಧೈರ್ಯ ಮನವರಿಕೆಯಾಗುತ್ತದೆ. ಔಂಧದ ನೆಲದಲ್ಲಿ ಈ ವಿಚಾರ ಮುಂದೆಯೂ ಬೆಳೆಯಿತು. 1939ರಲ್ಲಿ ಅದೇ ಸಂಸ್ಥಾನವು ಸ್ವತಂತ್ರಪುರವೆಂಬ ಗೋಡೆಯಿಲ್ಲದ ಬಂದೀಖಾನೆಯನ್ನು ಸ್ಥಾಪಿಸಿತು. 1957ರಲ್ಲಿ ಬಂದ ‘ದೋ ಆಂಖೆ ಬಾರಹ ಹಾಥ್’ ಚಿತ್ರಪಟಕ್ಕೆ ಅದೇ ಪ್ರೇರಣೆ. ವಾಡಿಯಲ್ಲಿ ಅಸ್ಪೃಶ್ಯತೆಯ ಆಚರಣೆಗೂ ನಿಷೇಧವಿತ್ತು. ಇದನ್ನು ಬರಿಯ ಧರ್ಮಬುದ್ಧಿಯೆನ್ನಲಾಗದು. ಎರಕದ ಮನೆಯಲ್ಲಿ ಕುದಿಯುವ ಕಬ್ಬಿಣದ ಸಟ್ಟುಗವನ್ನು ಇಬ್ಬರು ಹೊತ್ತು ನಡೆಯುವಾಗ ಒಬ್ಬನು ಇನ್ನೊಬ್ಬನ ಸ್ಪರ್ಶಕ್ಕೆ ಅಂಜಿದರೆ ಇಬ್ಬರ ಕಾಲೂ ಸುಡುತ್ತದೆ. ಕೂಡಿ ಮಾಡುವ ಕೆಲಸವೇ ಈ ಸುಧಾರಣೆಯನ್ನು ಬೇಡುತ್ತಿತ್ತು.

ಕೆಲಸಗಾರರಿಗಾಗಿ ಊರನ್ನು ಕಟ್ಟುವ ಪ್ರಯೋಗ ಆ ಕಾಲದ ಲೋಕಕ್ಕೆ ಹೊಸದಲ್ಲ. ಇಂಗ್ಲೆಂಡಿನಲ್ಲಿ ಸಾಬೂನಿನ ಲೀವರರು 1888ರಲ್ಲಿ ಪೋರ್ಟ್ ಸನ್‌ಲೈಟನ್ನು ಕಟ್ಟತೊಡಗಿದ್ದರು. ಕ್ಯಾಡ್ಬರಿಗಳ ಬೋರ್ನ್‌ವಿಲ್ ಅದರ ನಂತರ ಬಂದಿತು. ಸಾಕಚಿಯಲ್ಲಿ ಟಾಟಾರವರ ಉಕ್ಕಿನ ನಗರ ಅದೇ ವರ್ಷಗಳಲ್ಲಿ ಏಳುತ್ತಿತ್ತು; ಅಲ್ಲಿ ಮೊದಲ ಉಕ್ಕು ಹೊರಬಿದ್ದದ್ದು 1912ರಲ್ಲಿ. ಆದರೆ ಅವೆಲ್ಲ ಹೇರಳ ಬಂಡವಾಳದ ಯತ್ನಗಳು. ಮೊದಲು ಧನ, ಆಮೇಲೆ ಊರು ಎಂಬುದು ಅಲ್ಲಿಯ ಕ್ರಮ. ಕಿರ್ಲೋಸ್ಕರವಾಡಿಯಲ್ಲಿ ಊರೇ ಧನದ ಬದಲಿಗೆ ನಿಂತಿತು. ಮನೆ, ನೆರೆ, ಕೆಲಸ ಮೂರೂ ಒಂದೇ ಕಡೆ ದೊರೆತದ್ದರಿಂದ ಕೈಪಳಗಿದವನು ಬಿಟ್ಟುಹೋಗುವ ಭಯ ಕಡಿಮೆಯಾಯಿತು. ಅವನ ಮಗನಿಗೂ ಅದೇ ವಿದ್ಯೆ ಹತ್ತಿತು.

6

ಪರಿವಾರದ ಬಲ ತಿಳಿಯುವುದು ಸಂಕಟದ ಕಾಲದಲ್ಲಿ. ಮೊದಲನೆಯ ಮಹಾಯುದ್ಧದಲ್ಲಿ (1914–18) ವಿದೇಶದ ಕಬ್ಬಿಣ ಬರುವುದು ನಿಂತಿತು. ಪರದೇಶದ ನೇಗಿಲುಗಳೂ ಬರದಂತಾದುದರಿಂದ ಬೇಡಿಕೆ ಏರಿತು. ಕಚ್ಚಾಸರಕು ಮಾತ್ರ ಇಲ್ಲ. ಆಗ ಕೊಲ್ಹಾಪುರದ ಶಾಹೂ ಛತ್ರಪತಿಗಳಿಂದ ಹಳೆಯ ತೋಪುಗಳನ್ನು ಪಡೆದು ಕರಗಿಸಿ ನೇಗಿಲುಗಳನ್ನು ಮಾಡಲಾಯಿತು. ಕೋಟೆಗಳ ಮೇಲೆ ತುಕ್ಕು ಹಿಡಿಯುತ್ತಿದ್ದ ಆಯುಧವು ಹೊಲಕ್ಕೆ ಇಳಿದ ಈ ಪ್ರಸಂಗವನ್ನು ಎಲ್ಲರೂ ಕೌತುಕದಿಂದ ಹೇಳುತ್ತಾರೆ. ಆದರೆ ಬೇರೆ ಬೇರೆ ಹದದ ಹಳೆಯ ಲೋಹವನ್ನು ಒಂದೇ ಗುಣದ ಎರಕಕ್ಕೆ ತರುವುದು ಸುಲಭದ ಕೆಲಸವಲ್ಲ. ಒಲೆಯ ಬಣ್ಣವನ್ನು ನೋಡಿ ಹದ ಹೇಳುವ ಕಣ್ಣುಗಳು ಅಲ್ಲಿ ಹತ್ತು ವರ್ಷಗಳಿಂದ ಪಳಗಿದ್ದವು; ತೋಪು ಸಿಕ್ಕದ್ದಕ್ಕಿಂತ ಇದು ಹೆಚ್ಚಿನ ಸಂಪತ್ತು.

ಯುದ್ಧ ಮುಗಿದ ಮೇಲೆ, 1920ರ ಜನವರಿ 15ರಂದು, ಕಿರ್ಲೋಸ್ಕರ ಬ್ರದರ್ಸ್ ಸೀಮಿತ ಹೊಣೆಯ ಕಂಪನಿಯಾಗಿ ನೋಂದಾಯಿತವಾಯಿತು. ಸೈಕಲ್ಲಿನ ಅಂಗಡಿಯಿಂದ ಇಲ್ಲಿಗೆ 32 ವರ್ಷಗಳು. ಅದೇ ವರ್ಷದಲ್ಲಿ ಲಕ್ಷ್ಮಣರಾಯರ ಅಣ್ಣನ ಮಗ ಶಂಕರರಾವ ವಾಸುದೇವ ಕಿರ್ಲೋಸ್ಕರರು ‘ಕಿರ್ಲೋಸ್ಕರ ಖಬರ’ ಎಂಬ ಪತ್ರಿಕೆಯನ್ನು ಹೊರಡಿಸಿದರು. ಕಾರಖಾನೆಯ ಸುದ್ದಿಯನ್ನು ಗಿರಾಕಿಗಳಿಗೂ ಏಜಂಟರಿಗೂ ಮುಟ್ಟಿಸುವ ಪತ್ರಿಕೆಯಾಗಿ ಹುಟ್ಟಿದ ಅದು, ಮುಂದೆ 1930ರ ‘ಸ್ತ್ರೀ’ ಮತ್ತು 1934ರ ‘ಮನೋಹರ’ಗಳೊಡನೆ ಮರಾಠಿ ಸಾಹಿತ್ಯದಲ್ಲಿಯೇ ಒಂದು ಸ್ಥಾನ ಪಡೆಯಿತು. ಸೈಕಲ್ಲನ್ನು ಏರುವುದನ್ನು ಕಲಿಸಿದ ಪದ್ಧತಿಯೇ ಇಲ್ಲಿ ಅಕ್ಷರರೂಪಕ್ಕೆ ಬಂದಿತೆನ್ನಬಹುದು. ವಸ್ತುವನ್ನು ಮಾರುವುದಕ್ಕೆ ಮೊದಲು ಅದನ್ನು ಬಯಸುವ, ಬಳಸಬಲ್ಲ ಸಮಾಜವನ್ನು ಬೆಳೆಸಬೇಕು ಎಂಬ ತತ್ತ್ವ ಅದರ ಹಿಂದಿದೆ.

ನೇಗಿಲಿನ ಜೊತೆಗೆ ಕಬ್ಬಿನ ಗಾಣ, ನೀರೆತ್ತುವ ಪಂಪುಗಳು, ಕಬ್ಬಿಣದ ಪೀಠೋಪಕರಣ, ಲೇಥ್ ಯಂತ್ರ ಹೀಗೆ ಸರಕಿನ ಬಗೆಗಳು ಹೆಚ್ಚಿದವು. ಲಕ್ಷ್ಮಣರಾಯರ ಮಗ ಶಂತನುರಾಯರು (1903–1994) ಅಮೆರಿಕೆಯ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಯಂತ್ರಶಾಸ್ತ್ರವನ್ನು ಕಲಿತು 1926ರಲ್ಲಿ ಪದವೀಧರರಾದರು. ಪದವಿಯಿಲ್ಲದವರ ಪರಿವಾರಕ್ಕೆ ಪದವಿ ಪಡೆದ ಪೀಳಿಗೆ ಸೇರಿದ ಈ ಸಂಧಿಕಾಲ ಯಾವ ಉದ್ಯಮಕ್ಕೂ ಸೂಕ್ಷ್ಮವಾದದ್ದು. ಓದಿ ಬಂದವನು ಹಳಬರನ್ನು ಅಡವಿಯವರೆಂದು ತಳ್ಳಿದರೂ, ಹಳಬರು ಓದನ್ನು ಪುಸ್ತಕದ ಬದನೆಕಾಯಿಯೆಂದು ನಕ್ಕರೂ ಉದ್ಯಮ ಒಡೆಯುತ್ತದೆ. ಇಲ್ಲಿ ಅದು ಒಡೆಯಲಿಲ್ಲ. ಮುಂದಿನ ಇಪ್ಪತ್ತು ವರ್ಷಗಳ ಬೆಳವಣಿಗೆ ಎರಡೂ ಪೀಳಿಗೆಗಳ ಕೂಡುವಿಕೆಯ ಫಲ.

7

ಎರಡನೆಯ ಮಹಾಯುದ್ಧದ ಕಾಲಕ್ಕೆ ಕಿರ್ಲೋಸ್ಕರವಾಡಿಯ 32 ಎಕರೆಗಳಲ್ಲಿ ಹುಟ್ಟಿದ ಉದ್ಯಮ ಹಿಡಿಯಲಾರದಷ್ಟು ಬೆಳೆದಿತ್ತು. 1941ರಲ್ಲಿ ತುಂಗಭದ್ರೆಯ ದಂಡೆಯ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ ಸ್ಥಾಪಿತವಾಗಿ ಲೇಥ್ ಯಂತ್ರಗಳಿಗೆ ಹೆಸರಾಯಿತು. ಆ ಕಾರಖಾನೆ ಬಹುಕಾಲ ನಡೆದು ಮುಂದೆ ಮುಚ್ಚಿತು. 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ ಇಲೆಕ್ಟ್ರಿಕ್, ಪುಣೆಯ ಖಡಕಿಯಲ್ಲಿ ಕಿರ್ಲೋಸ್ಕರ ಆಯಿಲ್ ಎಂಜಿನ್ಸ್ ಹುಟ್ಟಿದವು. ಬೆಳಗಾವಿಯಿಂದ ಹೊರಬಿದ್ದ ಉದ್ಯಮದ ಎರಡು ಕೊಂಬೆಗಳು ಹೀಗೆ ಕನ್ನಡ ನಾಡಿಗೆ ಮರಳಿದ್ದು ಸಮಾಧಾನದ ಮಾತು.

ಎರಡು ವರ್ಷಗಳು ಕಳೆಯುವಷ್ಟರಲ್ಲಿ ಭಯಂಕರವಾದ ಆಘಾತವೊಂದು ಬಂದಿತು. 1948ರ ಜನವರಿ 30ರಂದು ನಡೆದ ಗಾಂಧೀಜಿಯವರ ಹತ್ಯೆಯ ತರುವಾಯ ದಕ್ಷಿಣ ಮಹಾರಾಷ್ಟ್ರದಲ್ಲಿ ಬ್ರಾಹ್ಮಣರ ಮನೆಮಾರುಗಳ ಮೇಲೆ ನಡೆದ ದಾಳಿಗಳಲ್ಲಿ ಕಿರ್ಲೋಸ್ಕರವಾಡಿಯ ಕಾರಖಾನೆಯೂ ಬೆಂಕಿಗೆ ತುತ್ತಾಯಿತು. ಜಾತಿಭೇದವನ್ನು ತನ್ನ ಎಲ್ಲೆಯೊಳಗೆ ನಿಷೇಧಿಸಿದ್ದ ಊರು ಜಾತಿದ್ವೇಷದ ಬೆಂಕಿಯಲ್ಲಿ ಬೆಂದದ್ದು ಇತಿಹಾಸದ ಕ್ರೂರ ವಿಡಂಬನೆ. ಈ ಘಟನೆಯಿಂದ ಒಂದು ಪಾಠವೂ ಹೊರಡುತ್ತದೆ. ಪರಿವಾರದೊಳಗೆ ಬೆಳೆದ ವಿಶ್ವಾಸವು ಪರಿವಾರದ ಬೇಲಿಯ ಹೊರಗೂ ಬೆಳೆಯದಿದ್ದರೆ ಅದು ನಡುಗಡ್ಡೆಯ ವಿಶ್ವಾಸ. ನೆರೆ ಬಂದಾಗ ಅದು ತನ್ನನ್ನು ತಾನು ಕಾಪಾಡಿಕೊಳ್ಳಲಾರದು. ಕಾರಖಾನೆಯು ಸುಟ್ಟ ಬೂದಿಯಿಂದ ಮತ್ತೆ ಎದ್ದಿತು. ಇಂದಿಗೂ ಅಲ್ಲಿ ಪಂಪುಗಳು ತಯಾರಾಗುತ್ತವೆ.

8

ಪುಣೆಯಲ್ಲಿ ಎದುರಾದ ಸಮಸ್ಯೆ ಬೇರೆ ಬಗೆಯದು. ಖಡಕಿಗೆ 25 ಕುಟುಂಬಗಳನ್ನು ಕರೆದುಕೊಂಡು ಬರುವ ಮಾತಿರಲಿಲ್ಲ. ಕೆಲಸಗಾರನು ನಗರದ ಯಾವುದೋ ಪೇಠೆಯ ಚಾಳಿನಲ್ಲಿ ಇರುತ್ತಾನೆ; ಸೈಕಲ್ಲಿನ ಮೇಲೆ ಬೆಳಿಗ್ಗೆ ಬರುತ್ತಾನೆ, ಭೋಂಗಾ ಕೂಗಿದ ಮೇಲೆ ಮರಳುತ್ತಾನೆ. ಒಡೆಯನು ಅವನ ಮಕ್ಕಳ ಹೆಸರನ್ನು ಅರಿಯನು. 1926ರ ಕಾರ್ಮಿಕ ಸಂಘಗಳ ಕಾಯಿದೆ, 1947ರ ಔದ್ಯೋಗಿಕ ವಿವಾದಗಳ ಕಾಯಿದೆ, 1948ರ ಕಾರಖಾನೆಗಳ ಕಾಯಿದೆ ಇವು ಹೊಸ ಸಂಬಂಧವೊಂದನ್ನು ಬರೆದಿಟ್ಟಿದ್ದವು. ಹಿಂದೆ ಒಡೆಯನ ಔದಾರ್ಯದಿಂದ ಬರುತ್ತಿದ್ದದ್ದು ಈಗ ಕೆಲಸಗಾರನ ಹಕ್ಕಾಗಿ ಬಂದಿತು.

ಇದನ್ನು ಅವನತಿಯೆಂದು ಬಗೆಯುವವರುಂಟು. ಆದರೆ ವಾಡಿಯ ವ್ಯವಸ್ಥೆಯಲ್ಲಿಯೂ ದೋಷವಿಲ್ಲದಿರಲಿಲ್ಲ. ಮನೆಯೂ ಕೆಲಸವೂ ಒಂದೇ ಕೈಯಲ್ಲಿದ್ದಾಗ, ಆ ಕೈ ಎಷ್ಟೇ ಕರುಣೆಯುಳ್ಳದ್ದಾದರೂ, ಕೆಲಸ ಕಳೆದುಕೊಂಡವನು ಅದೇ ದಿನ ಮನೆಯನ್ನೂ ಕಳೆದುಕೊಳ್ಳುತ್ತಾನೆ. ಒಡೆಯನು ಒಳ್ಳೆಯವನಿದ್ದಾಗ ಮಾತ್ರ ನಡೆಯುವ ವ್ಯವಸ್ಥೆಯನ್ನು ಎರಡನೆಯ, ಮೂರನೆಯ ಪೀಳಿಗೆಗೆ ಉಯಿಲು ಬರೆದು ಕೊಡಲಾಗುವುದಿಲ್ಲ. ಕಾಯಿದೆಯ ಉಪಯೋಗ ಇರುವುದು ಇಲ್ಲಿಯೇ.

ಪುಣೆಯಲ್ಲಿ ಪರಿವಾರದ ತತ್ತ್ವ ಅಳಿಯಲಿಲ್ಲ. ಅದು ಕಾರಖಾನೆಯ ಗೋಡೆಯನ್ನು ದಾಟಿ ಬೇರೆ ರೂಪ ತಾಳಿತು. ಎಣ್ಣೆಯ ಎಂಜಿನನ್ನು ಕೊಂಡ ರೈತನಿಗೆ ನೇಗಿಲು ಕೊಂಡವನಿಗಿಂತ ಹೆಚ್ಚಿನ ಆಸರೆ ಬೇಕು. ಬೇಸಗೆಯ ನಡುವೆ ಎಂಜಿನು ನಿಂತರೆ ಎಂಟು ದಿನಗಳಲ್ಲಿ ಕಬ್ಬು ಒಣಗುತ್ತದೆ. ಆದುದರಿಂದ ಮಾರಾಟಗಾರನು ಬಿಡಿಭಾಗಗಳನ್ನು ಇಟ್ಟುಕೊಳ್ಳಬೇಕು, ರಿಪೇರಿ ಬಲ್ಲವನು ಹತ್ತಿರದಲ್ಲಿರಬೇಕು. ಬೆಳಗಾವಿಯ ಅಂಗಡಿಯಲ್ಲಿ ರಾಮುಅಣ್ಣಾ ಒಬ್ಬರೇ ಮಾಡುತ್ತಿದ್ದ ಕೆಲಸವನ್ನು ಮಾಡಲು ಈಗ ತಾಲೂಕು ತಾಲೂಕಿಗೆ ಜನ ಬೇಕಾಯಿತು. ಎರಡನೆಯದಾಗಿ, ದೊಡ್ಡ ಕಾರಖಾನೆಗಳಿಗೆ ಬೇಕಾದ ಸಣ್ಣಪುಟ್ಟ ಭಾಗಗಳನ್ನು ಮಾಡಿಕೊಡುವ ಚಿಕ್ಕ ಕಾರಖಾನೆಗಳು ಪುಣೆಯ ಸುತ್ತಲೂ ಎದ್ದವು. ಕೆಲಸ ಕಲಿತ ಫಿಟ್ಟರನೊಬ್ಬ ಎರಡು ಲೇಥುಗಳನ್ನಿಟ್ಟುಕೊಂಡು ತಾನೇ ಒಡೆಯನಾಗುವ ದಾರಿ ಇದರಿಂದ ತೆರೆಯಿತು. 1934ರಲ್ಲಿ ಸ್ಥಾಪಿತವಾದ ಮರಾಠಾ ವಾಣಿಜ್ಯ ಮಂಡಲ, 1936ರಲ್ಲಿ ವ್ಯವಹಾರ ಆರಂಭಿಸಿದ ಬ್ಯಾಂಕ್ ಆಫ್ ಮಹಾರಾಷ್ಟ್ರ ಇಂಥ ಸಂಸ್ಥೆಗಳು ಊರಿನಲ್ಲಿ ಮೊದಲೇ ಇದ್ದುದರಿಂದ, 1910ರಲ್ಲಿ ಒಬ್ಬ ಅರಸನ ಮನಸ್ಸನ್ನು ಕಾಯಬೇಕಾಗಿದ್ದ ಸಾಲವು ಈಗ ಸಂಸ್ಥೆಯ ಬಾಗಿಲಲ್ಲಿ ಕೇಳಬಹುದಾದದ್ದಾಯಿತು.

9

ಒಟ್ಟಿನಲ್ಲಿ ಈ ಚರಿತ್ರೆಯಿಂದ ಮೂರು ಸಂಗತಿಗಳು ನಿರ್ಣೀತವಾಗುತ್ತವೆ. ಒಂದನೆಯದು, ಸಣ್ಣ ಉದ್ಯಮದ ಮೊದಲ ಬಂಡವಾಳ ಅದರ ಜನ. ಹಣವು ಆ ಜನರನ್ನು ಕಂಡು ಹಿಂದಿನಿಂದ ಬರುತ್ತದೆ. ಎರಡನೆಯದು, ಯೋಗ್ಯರನ್ನು ಹುಡುಕಿ ತರುವ ಶಕ್ತಿಯಿಲ್ಲದ ಉದ್ಯಮಿಯು ಇದ್ದವರನ್ನು ಯೋಗ್ಯರನ್ನಾಗಿ ಮಾಡಬೇಕು. ಅದಕ್ಕೆ ಬೇಕಾದ ಕಾಲವನ್ನೂ ಸೋಲನ್ನೂ ಲೆಕ್ಕದಲ್ಲಿ ಹಿಡಿಯಬೇಕು. ಮೂರನೆಯದು, ಒಬ್ಬನ ಸದ್ಗುಣದ ಮೇಲೆ ನಿಂತ ಪರಿವಾರವು ಉದ್ಯಮವು ಬೆಳೆದ ಮೇಲೆ ನಿಯಮಗಳ ಮೇಲೆ ನಿಲ್ಲಲು ಕಲಿಯಬೇಕು. ಪುಣೆಯ ಅಧ್ಯಾಯ ತೋರಿಸುವುದು ಇದನ್ನೇ.

ಲಕ್ಷ್ಮಣರಾಯರು 1956ರ ಸಪ್ಟಂಬರ 26ರಂದು ತೀರಿಕೊಂಡರು. 1969ರಲ್ಲಿ ಅವರ ಜನ್ಮಶತಾಬ್ದಿಗೆ ಭಾರತ ಸರಕಾರವು ಅಂಚೆಚೀಟಿಯನ್ನು ಹೊರಡಿಸಿತು. ಅದು ಯೋಗ್ಯವಾದ ಗೌರವ. ರಾಮುಅಣ್ಣಾ, ರೇಗೆ, ಜಾಂಭೇಕರ, ಕುಲಕರ್ಣಿ, ಫಳಣೀಕರ, ರಾತ್ರಿಯ ಕತ್ತಲಲ್ಲಿ ಕಾವಲು ನಿಂತ ತುಕಾರಾಮ, ಪಿರ್‍ಯಾ, ಇವರ ಹೆಸರುಗಳಾದರೂ ಗ್ರಂಥಗಳಲ್ಲಿ ಉಳಿದಿವೆ. ಬೆಳಗಾವಿಯಲ್ಲಿ ಮನೆಗೆ ಬೀಗ ಹಾಕಿ, ಮಡಕೆ ಕುಡಿಕೆಗಳನ್ನು ಕಟ್ಟಿಕೊಂಡು, ಮಕ್ಕಳ ಕೈಹಿಡಿದು ಕುಂಡಲ ರೋಡಿನಲ್ಲಿ ಇಳಿದ ಇಪ್ಪತ್ತೈದು ಕುಟುಂಬಗಳ ಹೆಂಗಸರ ಹೆಸರುಗಳು ಈ ಕಥೆಯಲ್ಲಿ ಬರುವುದಿಲ್ಲ. ಅವರು ಬರಲು ಒಪ್ಪದಿದ್ದರೆ ಅವರ ಗಂಡಂದಿರು ಬರುತ್ತಿರಲಿಲ್ಲ. ಅವರು ಬಾರದಿದ್ದರೆ ಔಂಧದ ಹತ್ತು ಸಾವಿರ ರೂಪಾಯಿಗಳು ಕಳ್ಳಿಯ ನಡುವೆ ಹೂತುಹೋಗುತ್ತಿದ್ದವು. ಪುಣೆಯ ಯಂತ್ರೋದ್ಯಮದ ಇತಿಹಾಸವನ್ನು ಬರೆಯುವವರು ಆ ಪ್ರಯಾಣದಿಂದಲೇ ಆರಂಭಿಸುವುದು ನ್ಯಾಯ.